ಕರಿಬಾವಿಯ ಸುರಂಗಜ್ಜ

ಫೋನಿನಲ್ಲಿ ಆಡಿದ ಒಂದು ಮಾತೇ ಶ್ರೀವಲ್ಲಭರಾಯರಿಗೆ ಮುಳುವಾಯಿತು. ‘ಸುರಂಗದ ಬಾಯಾಗ ನೀವು ನಿಂತ ವಿಡಿಯೊ ಬೇಕ್ರಿ ಸರ್. ಅದೊಂದ ಸಿಕ್ರ ನಿಮ್ಮ ಪುಸ್ತಕ ಮತ್ತ ಅಚ್ಚ ಮಾಡ್ತೇವ್ರಿ’ ಎಂದು ಪ್ರಕಾಶನದ ಸಂಪದಾ ಹೇಳಿದ್ದೇ ತಡ, ‘ಅದೇನ್ ದೊಡ್ಡದವಾ, ನಾಳೇನ ಹೋಗೂಣು’ ಎಂದುಬಿಟ್ಟರು.

ಒಂದು ಕಾಲಕ್ಕೆ ರಾಯರ ಸಾಹಸ ಪ್ರವಾಸದ ಪುಸ್ತಕಗಳನ್ನು ಜನ ಊಟ ಬಿಟ್ಟು ಓದುತ್ತಿದ್ದರು. ಮರಳುಗಾಡು, ಹಿಮದ ಬೆಟ್ಟ, ಚಿರತೆ, ಏನೆಲ್ಲ ಇತ್ತು ಅದರಲ್ಲಿ! ಬಾಗೇವಾಡಿ ಸೀಮೆಯ ಕರಿಬಾವಿ ಎಂಬ ಹಳ್ಳಿಯಲ್ಲಿ ಹಾಳುಬಾವಿಗಿಳಿದು, ನೆಲದಡಿಯ ಸುರಂಗದಲ್ಲೇ ವಿಜಯಪುರದ ತನಕ ನಡೆದ ಕತೆಯಂತೂ ಮನೆಮಾತಾಗಿತ್ತು. ಈಗ ತಮ್ಮೂರು ಇಂಡಿ ಪಟ್ಟಣದಲ್ಲಿ ಅವರು ಬರೀ ‘ಇಂದೂಬಾಯಿ ಟೀಚರ ಗಂಡ’. ಸಾಯುವ ಮೊದಲು ಒಮ್ಮೆ ತಮ್ಮ ಹೆಸರಿನಿಂದಲೇ ಕರೆಸಿಕೊಳ್ಳಬೇಕೆಂದು ಆ ಜೀವ ಹಂಬಲಿಸುತ್ತಿತ್ತು, ಪಾಪ.

ತೊಡಕು ಒಂದೇ. ಸುರಂಗದಲ್ಲಿ ರಾಯರು ನಡೆದದ್ದು ಒಂದು ಕಪ್ ಚಹಾ ಆರುವಷ್ಟು ಹೊತ್ತು. ಆಮೇಲೆ ಅಂಜಿ, ಪಕ್ಕದ ಹೊಲಕ್ಕೆ ತೆರೆದಿದ್ದ ಬಿಲವೊಂದರಿಂದ ನುಸುಳಿ, ಜೋಳದ ಮರೆಯಲ್ಲಿ ಓಡಿ ತಾಳಿಕೋಟೆ ಬಸ್ಸು ಹಿಡಿದಿದ್ದರು. ಉಳಿದ ದಾರಿಯನ್ನೆಲ್ಲ ಮನೆಯ ಮಾಳಿಗೆಯ ಮೇಲೆ ಕೂತೇ ನಡೆದದ್ದು.

ಮರುದಿನ ರಾಯರೂ ಸಂಪದಾಳೂ ಮಸೂತಿ ಊರು ದಾಟಿ ಕರಿಬಾವಿ ಮುಟ್ಟುವಾಗ ನಡುಮಧ್ಯಾಹ್ನ. ಊರಲ್ಲಿ ಪಿಟ್ಟೆಂಬ ಸದ್ದಿಲ್ಲ. ಒಂದು ನಾಯಿ ರಾಯರ ಮುಖ ನೋಡಿತು, ಬೊಗಳದೆ ಹಿಂದಹಿಂದಕ್ಕೆ ಸರಿದು ಹೋಯಿತು. ಬಾವಿಯ ಆಚೆ, ಹೊಲದಲ್ಲಿ ಸುಣ್ಣ ಬಳಿದ ಗದ್ದಿಗೆ. ಅದರ ಮೇಲೆ ಹೂವಿನ ನಡುವೆ ಒಂದು ಹಳೆಯ ಟೋಪಿ. ಆ ಟೋಪಿ ರಾಯರದೇ, ಅಂದು ಓಡುವಾಗ ಬಿದ್ದದ್ದು.

‘ಇದ ಯಾರ ಗದ್ದಿಗಿ ಯವ್ವಾ?’ ಎಂದು ಪೂಜೆ ಮಾಡುತ್ತಿದ್ದ ರೇವವ್ವ ಎಂಬ ಹೆಂಗಸನ್ನು ಕೇಳಿದರು.

‘ಸುರಂಗಜ್ಜಂದ್ರಿ. ನಾ ಆಗ ಹೊಸಾ ಸೊಸಿ. ಬಾವ್ಯಾಗ ಇಳಿಯೂದ ಕಣ್ಣಾರೆ ನೋಡೇನ್ರಿ, ಹೊರಗ ಬರಲೇ ಇಲ್ಲ. ಇಲ್ಲೊಂದ ಬಿಲ ಇತ್ತು, ಅದರ ಬಾಯಾಗ ಟೋಪಿ ಸಿಕ್ತು. ಅಷ್ಟ ಸಣ್ಣ ಬಿಲದಾಗ ಮನಿಷಾ ಬರ್ತಾನೇನ್ರಿ? ಒಳಗ ಐಕ್ಯ ಆಗ್ಯಾನಂತ ಬಿಲದ ಮ್ಯಾಲೆ ಚಪ್ಪಡಿ ಎಳದು ಗದ್ದಿಗಿ ಕಟ್ಟೇವಿ.’

‘ಆ ಅಜ್ಜ ನಾನ!’ ರಾಯರು ಎದೆಯುಬ್ಬಿಸಿದರು.

ಊರು ನೆರೆಯಿತು. ಗದ್ದಿಗೆ ಕಮಿಟಿಯ ಹಿರಿಯ ಸಿದ್ಧರಾಮ ಅವರನ್ನು ಮೇಲಿಂದ ಕೆಳಗೆ ನೋಡಿ, ‘ಹೌದಾ? ಹಂಗಾದ್ರ ಮತ್ತೊಮ್ಮಿ ಒಳಗ ಹೋಗಿ ಬರ್ರಿ’ ಎಂದ. ಸಂಪದಾ ಖುಷಿಯಿಂದ ಮೊಬೈಲ್ ಎತ್ತಿದಳು. ಒಲ್ಲೆನೆಂದರೆ ಪುಸ್ತಕವೂ ಹೋಯಿತು, ಮಾನವೂ ಹೋಯಿತು. ರಾಯರು ಬ್ಯಾಟರಿ ದೀಪ ಹಿಡಿದು ಬಾವಿಗಿಳಿದರು.

ಒಳಗೆ, ನೆಲದಡಿ ಕಾಳು ತುಂಬಿಡುವ ಹಳೆಯ ಹಗೇವಿನ ಮುಗ್ಗಲು ವಾಸನೆ. ರಾಯರು ಹೆಜ್ಜೆ ಇಟ್ಟರೆ ಹಿಂದೆ ಇನ್ನೊಂದು ಹೆಜ್ಜೆ. ನಿಂತರೆ ಅದೂ ನಿಂತಿತು. ‘ಯಾರದು?’ ಎಂದರೆ ಕತ್ತಲಲ್ಲಿ ಯಾರೋ ಸಣ್ಣಗೆ ಕೆಮ್ಮಿದರು. ಥೇಟ್ ರಾಯರ ಕೆಮ್ಮೇ. ಬ್ಯಾಟರಿ ಕೈಜಾರಿತು. ದಿಕ್ಕುಗೆಟ್ಟು ಓಡಿ ಅವರು ಹಣೆ ಬಡಿಸಿಕೊಂಡದ್ದು ಆ ಹಳೆಯ ಬಿಲದ ಬುಡಕ್ಕೆ. ತಲೆಯ ಮೇಲೆ ಚಪ್ಪಡಿ, ಅದರ ಸಂದಿಯಿಂದ ಊದುಬತ್ತಿಯ ಹೊಗೆ.

ಮೇಲೆ, ಇಷ್ಟೊತ್ತಾದರೂ ಬಾರದ ಮನುಷ್ಯ ಅಂಜಿ ಬಾವಿಯ ಮೆಟ್ಟಿಲಲ್ಲೇ ಅಡಗಿ ಕೂತಿರಬೇಕೆಂದು ಎಲ್ಲರೂ ಗದ್ದಿಗೆಗೆ ಬಂದಿದ್ದರು. ಸಿದ್ಧರಾಮ ಕೈಮುಗಿದು ಕೇಳುತ್ತಿದ್ದ: ‘ಅಜ್ಜಾ, ಯಾವನೋ ಬಂದು ನಾನ ಅಜ್ಜ ಅಂತಾನ. ನೀ ಒಳಗ ಅದೀಯೋ, ಇಲ್ಲೋ?’

‘ಅದೇನಿ! ಇಲ್ಲೇ ಒಳಗ ಅದೇನಿ!’ ರಾಯರು ಗಂಟಲು ಹರಿಯುವಂತೆ ಕೂಗಿದರು.

ಮೇಲೆ ಗಂಟೆ, ಜಯಕಾರ, ಒಂದರ ಹಿಂದೊಂದು ತೆಂಗಿನಕಾಯಿ. ಕಾಯಿನೀರು ಸಂದಿಯಿಂದ ಜಿನುಗಿ ರಾಯರ ಬೋಳು ನೆತ್ತಿಯ ಮೇಲೆ ಬಿತ್ತು. ಆ ಗದ್ದಲದಲ್ಲಿ ಮತ್ತೆ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ.

ಗೋಡೆ ತಡವುತ್ತ ಹೊರಬಿದ್ದು, ಮೈತುಂಬ ಕೆಸರು ಬಳಿದುಕೊಂಡು ಅವರು ಗದ್ದಿಗೆಗೆ ಓಡಿ ಬಂದರು. ‘ಕೂಗಿದಾಂವ ನಾನರೀ!’

ಸಿದ್ಧರಾಮನಿಗೆ ಸಿಟ್ಟೇ ಬಂತು. ‘ಅಜ್ಜ ಒಳಗ ಅದೇನಿ ಅಂತ ಸ್ವತಾ ಹೇಳ್ಯಾನ. ನೀವು ಹೊರಗ ನಿಂತೀರಿ. ಬಾವ್ಯಾಗ ಇಳದಾವರ ದನಿ ಇಲ್ಲಿ ಹೆಂಗ ಕೇಳ್ತೈತ್ರಿ?’

ಆ ಬಿಲ ಸುರಂಗದ್ದೇ, ತಾನು ಅಂದು ಅದರಿಂದಲೇ ಪಾರಾದೆ ಎಂದು ಹೇಳಬೇಕು. ಹೇಳಿದರೆ ಪುಸ್ತಕವೇ ಸುಳ್ಳು. ರಾಯರು ತೆರೆದ ಬಾಯಿಯನ್ನು ಕೆಸರುಗೈಯಿಂದ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ಬಂತು.

ಸಂಪದಾ ಮೊಬೈಲ್ ಕಿವಿಗೆ ಹಿಡಿದು ರೆಕಾರ್ಡಾದದ್ದನ್ನು ಕೇಳಿ, ‘ಸರ್, ಅಜ್ಜನ ದನಿ ಎಷ್ಟ ಚೊಲೊ ಸಿಕ್ಕೈತ್ರಿ! ಪುಸ್ತಕ ಪಕ್ಕಾ. ಆದ್ರ ನಿಮ್ಮ ಹೆಸರಿನ ಮುಂದ ದಿವಂಗತ ಅಂತ ಹಾಕೂಣ್ರಿ, ಚೊಲೊ ಹೋಗ್ತೈತಿ’ ಎಂದು ಪಿಸುಗುಟ್ಟಿದಳು.

‘ಮದಲ ಅಜ್ಜಗ ಅಡ್ಡ ಬಿದ್ದು ತಪ್ಪಾತ್ ಅನ್ರಿ’ ಎಂದಳು ರೇವವ್ವ.

ಬೇರೆ ದಾರಿಯಿರಲಿಲ್ಲ. ರಾಯರು ತಮ್ಮ ಗದ್ದಿಗೆಗೆ ತಾವೇ ಅಡ್ಡಬಿದ್ದು ಚಪ್ಪಡಿಗೆ ಹಣೆ ಹಚ್ಚಿದರು. ಕೆಳಗೆ ಈಗ ಯಾರೂ ಇರಲಿಲ್ಲ. ಆದರೂ ಸಂದಿಯೊಳಗಿಂದ, ಅವರ ಕಿವಿಗಷ್ಟೇ ಕೇಳುವಂತೆ, ಅವರದೇ ದನಿ ಮೆಲ್ಲಗೆ ಹೇಳಿತು:

‘ಅವತ್ತ ಓಡಿ ಹೋದಾಂವ ನೀನು. ವಿಜಯಪುರದ ತನಕ ನಡದಾಂವ ನಾನಪಾ.’