ಸಾಹೇಬರ ಅಜ್ಜನನ್ನು ಗೆಲ್ಲಿಸಿದ್ದು

ತೀರಿಕೊಂಡವರ ಬಗ್ಗೆ ಬರೆಯುವಾಗ ನನ್ನ ಕೈ ತಾನಾಗಿ ಉದಾರವಾಗುತ್ತದೆ. ಊರಲ್ಲಿ, ಕಾಪು ಕಡೆ, ನಮ್ಮ ಜಮಾತಿನ ಸ್ಮರಣ ಸಂಚಿಕೆಗೆ ಬರೆದು ಬಂದ ಚಾಳಿ ಇದು. ಬದುಕಿದ್ದಾಗ ನೆರೆಮನೆಯ ತೆಂಗಿನಕಾಯಿ ಹೆಕ್ಕುತ್ತಿದ್ದವರೂ ನನ್ನ ಪುಟದಲ್ಲಿ ಕೊಡುಗೈ ದಾನಿಗಳಾಗುತ್ತಿದ್ದರು. ಯಾರೂ ತಕರಾರು ಎತ್ತಿದ್ದಿಲ್ಲ.

ಅದೇ ಚಾಳಿ ಸೌದಿಯ ದಹ್ರಾನಿನಲ್ಲಿ ನನ್ನ ಅನ್ನಕ್ಕೇ ಕಲ್ಲು ಹಾಕುವುದರಲ್ಲಿತ್ತು. ನಾನು ಅಲ್ಲಿ ಟೈಪಿಸ್ಟ್. ಎಣ್ಣೆಯ ಬೆಲೆ ಬಿದ್ದು, ಆಫೀಸಿನಲ್ಲಿ ವಾರಕ್ಕೊಬ್ಬರು ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಅಲ್ಲಿ ವಾಸಕ್ಕೆ ಬೇಕಾದ ನನ್ನ ಇಕಾಮಾ ಪರವಾನಗಿಯ ನವೀಕರಣದ ಕಾಗದ ಅಮೆರಿಕದ ಸಾಹೇಬರ ಸಹಿಗೆ ಕಾದಿತ್ತು. ಆಗಲೇ ಅವರು ತಮ್ಮ ಅಜ್ಜನ ಕಥೆ ಬರೆದು ತಂದು, ಟೈಪ್ ಮಾಡಿ ನೇರ ಟೆನಿಸ್ ಕ್ಲಬ್ಬಿನ ಪತ್ರಿಕೆಗೆ ಕಳಿಸು ಎಂದರು. ಅಜ್ಜ ನೂರು ವರ್ಷದ ಹಿಂದೆ ಉದ್ದ ಪ್ಯಾಂಟು ತೊಟ್ಟು ಟೆನಿಸ್ ಆಡಿದವರು. ಓದಿದರೆ ಬರೀ ಸೋಲು! ನಾಲ್ಕು ಸಲ ಫೈನಲ್ಲಿಗೆ ಹೋಗಿ ನಾಲ್ಕು ಸಲವೂ ಸೋತಿದ್ದರು, ಅದೂ ಒಬ್ಬನೇ ಮನುಷ್ಯನ ಕೈಯಲ್ಲಿ. ಕೊನೆಗೆ ಮೊಣಕಾಲು ಕೆಟ್ಟು ರ‍್ಯಾಕೆಟ್ ಅಂಗಡಿ ಇಟ್ಟರಂತೆ. ಸ್ವಂತ ಮೊಮ್ಮಗನೇ ಹೀಗೆ ಬರೆಯುವುದೇ? ನನಗೆ ಸಂಕಟವಾಯಿತು. ಮೂರು ಫೈನಲ್ ಗೆಲ್ಲಿಸಿಬಿಟ್ಟೆ. ನಾಲ್ಕನ್ನೂ ಗೆಲ್ಲಿಸಿದರೆ ಅತಿಯಾಗುತ್ತದೆ ಎಂಬ ವಿವೇಕ ನನಗಿತ್ತು.

ಪತ್ರಿಕೆ ಅಚ್ಚಾಗಿ ಬಂದ ಬೆಳಿಗ್ಗೆ ಪಕ್ಕದ ಮೇಜಿನ ಭಟ್ಕಳದ ಇಕ್ಬಾಲ್ ಭಾಯಿಗೆ ಹೆಮ್ಮೆಯಿಂದ ಹೇಳಿದೆ. ಅವರು ಚಹಾ ಕುಡಿಯುವುದನ್ನೇ ನಿಲ್ಲಿಸಿದರು.

"ಎಂತ ಮಾಡಿದ್ದು ಮಾರಾಯ ನೀನು! ಅದೆಲ್ಲ ದಾಖಲೆಯಲ್ಲಿ ಇರ್ತದೆ. ಸಾಹೇಬರ ಹೆಸರಲ್ಲಿ ಸುಳ್ಳು ಅಚ್ಚಾಯ್ತಲ್ಲ! ನಿನ್ನ ಇಕಾಮಾ ಮುಗೀತು."

ಮಗಳ ಹತ್ತನೆಯ ತರಗತಿಯ ಪರೀಕ್ಷೆಗೆ ಎರಡೇ ತಿಂಗಳಿತ್ತು. ಇಕಾಮಾ ಹೋದರೆ ಅವಳೂ ಹೆಂಡತಿಯೂ ನಾನೂ ಒಟ್ಟಿಗೆ ವಿಮಾನ ಹತ್ತಬೇಕು. ಮಧ್ಯಾಹ್ನದವರೆಗೆ ಮೂರು ಸಲ ನಮಾಜಿಗೆ ಕೈಕಾಲು ಮುಖ ತೊಳೆದು ವುಜೂ ಮಾಡಿದೆ, ಹನ್ನೆರಡು ಸಲ ನೀರು ಕುಡಿದೆ. ಸಾಹೇಬರು ಕರೆಸಿದಾಗ ಕ್ಷಮೆ ಕೇಳಲು ಬಾಯಿ ತೆರೆದೆ. ಮೇಜು ಹಿಡಿದು ಅತ್ತೇಬಿಟ್ಟೆ.

ಅವರು ಗಾಬರಿಯಾಗಿ ಟಿಶ್ಯೂ ಡಬ್ಬಿ ಮುಂದೆ ತಳ್ಳಿದರು. "ನಮ್ಮಜ್ಜ ನಮಗೆ ಹೇಳುತ್ತಿದ್ದದ್ದೂ ಇದೇ, ಮೂರು ಗೆದ್ದೆ, ಒಂದು ಸೋತೆ ಅಂತ," ಎಂದರು. "ನಿಜ ಹುಡುಕಲು ನನಗೆ ಎರಡು ವರ್ಷ ಹಿಡಿಯಿತು. ನೀನು ಒಂದೇ ದಿನದಲ್ಲಿ ಅದನ್ನು ಅಳಿಸಿಬಿಟ್ಟೆ." ಮುಂದಿನ ಸಂಚಿಕೆಗೆ ತಿದ್ದುಪಡಿ ನಾನೇ ಬರೆಯಬೇಕೆಂದು ಗದರಿಸಿ, ನನ್ನ ಇಕಾಮಾ ಕಾಗದಕ್ಕೆ ಸಹಿ ಹಾಕಿದರು.

ಮನೆಗೆ ಬಂದರೆ ಹೆಂಡತಿ ಮೈಮುನಾ ಬಾಗಿಲಲ್ಲೇ ನಿಂತಿದ್ದಳು. ಇಕ್ಬಾಲ್ ಭಾಯಿಯ ಮನೆಯಿಂದ ಫೋನ್ ಬಂದಿತ್ತಂತೆ.

"ಸಾಹೇಬರ ಹತ್ರ ಎಂತ ಹೇಳಿದ್ರಿ ನೀವು?"

"ಹೇಳ್ಲಿಕ್ಕೆ ಎಂತ ಉಂಟು?" ಎಂದೆ, ಶೂ ಬಿಚ್ಚುತ್ತಾ. "ಹಿರಿಯರ ಬಗ್ಗೆ ಹಾಗೆಲ್ಲ ಬರೀಬಾರ್ದು ಅಂತ ಮುಖಕ್ಕೆ ಹೊಡೆದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಪಾಪ, ಅವರು ಅತ್ತೇಬಿಟ್ಟರು."