ಹಿಂದಕ್ಕೆ ಹೆಜ್ಜೆ ಇಟ್ಟ ತಗರು

ಶಿವನಸಮುದ್ರದ ಕರೆಂಟು ಮನೆ ಹತ್ತಿರ ಒಂದು ಹೋರಿ ನನ್ನ ಮೇಲೆ ನುಗ್ಗಿ ಬಂದಿತ್ತು. ನಾನು ಒಂದೇ ಒಂದು ಸಲ ಕೆಮ್ಮಿದೆ. ಅದು ಮಂಡಿಯೂರಿ ಕೂತುಬಿಡ್ತು. ಕಣ್ಣಾರೆ ಕಂಡೋರೆಲ್ಲ ಈಗ ಮಣ್ಣಾಗವ್ರೆ, ಆ ಹೋರಿನೂ ಸೇರಿ. ಪ್ರಾಣಿಗಳ ಪೊಗರು ನನ್ನನ್ನ ಹುಡುಕ್ಕೊಂಡೇ ಬರ್ತದೆ. ಈಗ ಮನೇಲಿರೋ ಬಂಡೂರು ತಗರನ್ನೇ ತಗೊಳ್ಳಿ.

೧. ಕಂಡಕ್ಟರು

ಮಳವಳ್ಳಿ ಸಂತೆಯಿಂದ ಅದನ್ನ ಮರೀಲೇ ಹೆಗಲ ಮೇಲೆ ಹೊತ್ತು ತಂದೆ. ಬೆಳೆದ ಮೇಲೆ ಬೀದಿಯೇ ಅದರದಾಯ್ತು. ಒಂದು ದಿನ ಪಕ್ಕದ ಮನೆಯ ಹಳೇ ಬಸ್ ಕಂಡಕ್ಟರು ಅಡ್ಡ ನಿಂತು ಕಣ್ಣು ಬಿಟ್ಟ. ತಗರು ನಿಧಾನವಾಗಿ ಹಿಂದಕ್ಕೆ ಹೆಜ್ಜೆ ಇಟ್ಟಿತು.

"ನೋಡ್ಲಾ, ಎಂಗೆ ಎದರ್ಕತು!" ಅಂತ ಹಳೇ ಚಾಳಿಯಲ್ಲಿ ಕೈ ಬೀಸಿದ. "ಓಗ್ಲಿ, ಓಗ್ಲಿ, ಇನ್ನೂ ಇಂದಕ್ಕೆ, ರೈಟ್!"

"ಲೇ, ತಗರು ಇಂದಕ್ಕೋಗದು ಓಡೋಗಕ್ಕಲ್ಲ ಕಣ್ಲಾ, ಓಡ್ಬರಕ್ಕೆ!" ಅಂದೆ.

ಮಾತು ಮುಗಿಯೋದರೊಳಗೆ ಅವನು ಕಬ್ಬಿನ ಗದ್ದೆಯೊಳಗಿದ್ದ. ಅಲ್ಲಿಂದ ಒಂದೇ ಕೂಗು: "ಓಲ್ಡಾನ್!"

೨. ಹುಂಜ

"ಈ ತಗರು ಎದರದು ನನ್ನೊಬ್ಬನ್ಗೇ" ಅಂತ ಹೆಂಡತಿ ಮುಂದೆ ಮೀಸೆ ತಿರುವಿದೆ. ಅಷ್ಟರಲ್ಲಿ ನಮ್ಮ ಹುಂಜ ಬಂದು ತಗರಿನ ಮೂತಿಗೆ ಒಂದು ಕುಕ್ಕಿತು. ತಗರು ಹಿಂಡಿ ಬಕೆಟ್ಟು ಬಿಟ್ಟು ಮೂಲೆ ಸೇರಿತು. ಹುಂಜ ಬಕೆಟ್ಟಿನ ಮೇಲೆ ನಿಂತು ಕೂಗಿತು.

"ಹುಂಜ ಯಾರ್ಗೆ ಎದರ್ತದೆ ಏಳು?" ಅಂದಳು.

"ನಿಂಗೆ."

"ನೀನು?"

"ನಾನ್ಯಾಕ್ ಹುಂಜಕ್ಕೆ ಎದರ್ಲಿ?" ಅಂದೆ, ಕಟ್ಟೆ ಮೇಲೆ ಹತ್ತಿ ನಿಂತು.

೩. ಭಾಮೈದ

ಹೆಂಡತಿಯ ತಮ್ಮನಿಗೆ ಗೆಜ್ಜಲಗೆರೆ ಫ್ಯಾಕ್ಟರಿಯಲ್ಲಿ ಕೆಲಸ. ಪೊಲೀಸರಿಗೆ ಹೆದರಿಯೂ ಹೆಲ್ಮೆಟ್ ಹಾಕಿದ ಆಸಾಮಿಯಲ್ಲ; ಅದು ಬೈಕಿನಲ್ಲಿ ನೇತಾಡ್ತಿರ್ತದೆ. ನಮ್ಮ ಬಾಗಿಲಲ್ಲಿ ಶೂ ಬಿಚ್ಚೋಕೆ ಬಗ್ಗಿದ. ತಗರಿನ ಮುಂದೆ ತಲೆ ಬಗ್ಗಿಸಿದರೆ ಅದು ನಮಸ್ಕಾರ ಅಲ್ಲ, "ಬಾರ್ಲಾ ನೋಡೇಬುಡ್ತೀನಿ" ಅಂತ ಕರೆದ ಹಾಗೆ. ಅದು ಬಂತು. ಹುಲ್ಲಿನ ಮೆದೆಯೊಳಗಿಂದ ಅವನ ಕಾಲು ಹಿಡಿದು ಎಳೆದೆವು. ಮಧ್ಯಾಹ್ನ ಮುದ್ದೆ ಉಂಡಿದ್ದು ಹೆಲ್ಮೆಟ್ ಹಾಕಿಕೊಂಡೇ.

ಹೆಂಡತಿ ಮಾತ್ರ ನಗಲಿಲ್ಲ. "ಒಡಹುಟ್ಟಿದೋನ್ಗೇ ಗುದ್ದಾಯ್ತಲ್ಲ. ನಾಳೀಕೆ ಮದ್ದೂರಿಂದ ಯಾಪಾರಿ ಬತ್ತಾನೆ, ಕೊಟ್ಬುಡು" ಅಂದಳು.

ನಾನು ತಟ್ಟೇಲಿ ಉಳಿದ ಮುದ್ದೇನ ತಗೊಂಡೋಗಿ ತಗರಿನ ಬಾಯಿಗಿಟ್ಟೆ. ದಿನಾ ಸಂಜೆ ನನ್ನ ತೊಡೆಗೆ ಹಣೆ ಉಜ್ಜೋ ಜೀವ ಅದು.

೪. ವ್ಯಾಪಾರಿ

ವ್ಯಾಪಾರಿ ಬಂದು ಜಗುಲಿ ಮೇಲೆ ಕೂತ. ತಗರು ಹಿತ್ತಲಲ್ಲಿತ್ತು. ಅದನ್ನ ಉಳಿಸಿಕೊಳ್ಳೋಕೆ ನನ್ನ ಹತ್ತಿರ ಇದ್ದಿದ್ದು ಬಾಯಿ ಒಂದೇ.

"ಬ್ಯಾಡ ಕಣ್ಲಾ, ನಿನ್ ಒಳ್ಳೇದ್ಕೇ ಏಳ್ತೀನಿ. ಮೊನ್ನೆ ಬಸ್ಸನ್ನೇ ಕೊಂಬಲ್ಲಿ ಎತ್ಬುಡ್ತು. ಡ್ರೈವರು ಮೇಲಿಂದ್ಲೇ ಆರನ್ ಒಡೀತಿದ್ದ. ಈಟುದ್ದ ಕೊಂಬು!" ಎರಡೂ ಕೈ ಚಾಚಿದೆ.

"ಬಂಡೂರ್ ತಗರು ತಾನೆ ತಾತ?"

"ಅಸಲಿ!"

"ಬಂಡೂರ್ ಕುರಿಗೆ ಕೊಂಬೇ ಬರಕಿಲ್ವಲ್ಲ! ಗಂಡ್ಗೂ ಇಲ್ಲ, ಎಣ್ಗೂ ಇಲ್ಲ."

ಒಳಗೆ ಹೆಂಡತಿ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ತಗರು ಹಗ್ಗ ಕಿತ್ತುಕೊಂಡು, ಬೋಳು ತಲೆ ಎತ್ತಿಕೊಂಡು ಅಂಗಳಕ್ಕೇ ಬಂತು. ವ್ಯಾಪಾರಿ ಇಳಿದು ಅದರ ಹಲ್ಲು ನೋಡೋಕೆ ಬಗ್ಗಿದ. ತಗರು ನಿಧಾನವಾಗಿ ಹಿಂದಕ್ಕೆ ಹೆಜ್ಜೆ ಇಟ್ಟಿತು.

"ಎಲ್ಲಿ ತಾತ, ತೋರ್ಸು ಕೊಂಬ?" ಅಂದ, ಬಗ್ಗಿಕೊಂಡೇ.

ನಾನು ಭುಜ ಹಾರಿಸಿದೆ.

"ಇಲ್ಲ ಅಂತ್ಲೇ ಅದ್ಕೆ ಅಷ್ಟು ಸಿಟ್ಟು ಕಣ್ಲಾ."