ಮೂರು ದಿನದ ಹಂದರಕ್ಕೆ ಮಳೆನೀರಿನ ಶುಲ್ಕ

ಸೊಲ್ಲಾಪುರ, ಮಂಗಳವಾರ, ಸಂಜೆ ಆರೂವರೆ.

ಬೆಳಿಗ್ಗೆ ಅಂಗಡಿಯಲ್ಲಿ ಒಂದೂವರೆ ಡಜನ್ ಟಾವೆಲ್ ಮಾರಿದೆ. ಮಧ್ಯಾಹ್ನ ಮಳೆನೀರು ಗಟಾರದ ಶುಲ್ಕ ಕಚೇರಿಯ ಬೆಂಚಿನ ಮೇಲೆ ಎರಡು ತಾಸು ಕುಳಿತೆ. ಮನೆಗೆ ಬಂದು ಅನ್ನಕ್ಕಿಟ್ಟೆ. ದಿನವೂ ಇಷ್ಟೇ ಬರೆದು ವಹಿ ಮುಚ್ಚುವವನು ಇಂದು ಅದರದೇ ಹಾಳೆ ಹರಿದು ತಮಗೆ ಬರೆಯುತ್ತಿದ್ದೇನೆ.

ಗಗನಸಂಚಾರಿಗಳೂ ನಮ್ಮ ಸಮಸ್ತ ಮಾಳಿಗೆಗಳ ವೀಕ್ಷಕರೂ ಆದ ಡ್ರೋನ್ ಕ್ಯಾಮೆರಾ ಮಾನ್ಯರೇ,

ತಮ್ಮ ನಾಲ್ಕೂ ರೆಕ್ಕೆಗಳು ಕ್ಷೇಮವೆಂದೂ ಬ್ಯಾಟರಿ ತುಂಬಿದೆಯೆಂದೂ ನಂಬಿದ್ದೇನೆ.

ಮಾಳಿಗೆಯ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ ರಸ್ತೆಗೆ ಹರಿಯುತ್ತದೆ, ಆದ್ದರಿಂದ ಯಾರ ಮಾಳಿಗೆ ಎಷ್ಟು ದೊಡ್ಡದೋ ಅವರು ಅಷ್ಟು ಶುಲ್ಕ ಕೊಟ್ಟು ಊರಿಗೆ ಗಟಾರ ಕಟ್ಟಿಸಬೇಕು ಎಂಬ ಹೊಸ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಗಲ್ಲಿಯಲ್ಲಿ ಗಟಾರವೇ ಇಲ್ಲವೆಂಬ ಸಣ್ಣ ಮಾತನ್ನೂ ನಾನು ಎತ್ತಲಾರೆ. ಇಲ್ಲದ ಗಟಾರಕ್ಕೆ ಇರುವ ಜನ ಕೊಡದೆ ಇನ್ನಾರು ಕೊಡಬೇಕು? ಇಷ್ಟು ವರ್ಷ ಇಲ್ಲಿಯ ಮಳೆನೀರಿನ ವ್ಯವಸ್ಥೆಯೆಂದರೆ ನನ್ನ ಅಕ್ಕ ಗುರುಲಿಂಗಮ್ಮ ಮತ್ತು ಆಕೆಯ ಎರಡು ಬೋಗಾಣಿ. ಗಂಡ ತೀರಿಕೊಂಡ ಮೇಲೆ ಕುರನೂರಿನಿಂದ ನನ್ನ ಮನೆಗೆ ಬಂದವಳು ಮೂವತ್ತೊಂದು ಮಳೆಗಾಲ ಹೊಸ್ತಿಲು ದಾಟಿದ ನೀರನ್ನು ಮೊಗೆದು ಕೊಟ್ಟಳು, ನಾನು ಹಿತ್ತಲಿಗೆ ಚೆಲ್ಲಿದೆ. ‘ಲಗೂ ಲಗೂ ಚೆಲ್ಲೋ ನಿಂಗ್ಯಾ, ನೀರಿಗೆ ನಿನ್ನಂಗ ನಿದ್ದಿ ಬರಂಗಿಲ್ಲ’ ಎಂಬ ಬೈಗುಳವನ್ನು ಬಿಟ್ಟರೆ ಆ ವ್ಯವಸ್ಥೆಗೆ ಯಾವ ಶುಲ್ಕವೂ ಇರಲಿಲ್ಲ.

ಆ ಅಕ್ಕ ಜೂನ್ ತಿಂಗಳಲ್ಲಿ ತೀರಿಕೊಂಡಳು. ಮೋಡ ಕವಿದಿತ್ತು, ಬಂದ ನೆಂಟರು ನೆನೆಯಬಾರದೆಂದು ಹಂದರದವನು ಬಟ್ಟೆಯ ಬದಲು ಅಂಗಳದ ತುಂಬ ತಗಡು ಹೊದಿಸಿದ, ಮೂರನೆಯ ದಿನ ಬಿಚ್ಚಿಕೊಂಡು ಹೋದ. ಮೊದಲ ದಿನ ನಮ್ಮ ಪದ್ಧತಿಯಂತೆ ಅಕ್ಕನ ದೇಹವನ್ನು ಅದರ ಕೆಳಗೆ ಕೂರಿಸಿ ಹೂವು ಹಾಕುತ್ತಿದ್ದಾಗ ಮೇಲೆ ಗುಂಯ್ ಎಂಬ ಸದ್ದಾಯಿತು. ಪಕ್ಕದ ಮನೆಯ ಜನಾಬಾಯಿ ಅಳು ನಿಲ್ಲಿಸಿ, ‘ಜೇನ ಎದ್ದಾವ್ರೇ ಯವ್ವಾ, ಮಾರಿ ಮುಚ್ಚಿಕೊಳ್ರಿ!’ ಎಂದಳು. ಅಷ್ಟು ಮಂದಿ ಹೆಂಗಸರು ಒಮ್ಮೆಗೇ ಸೆರಗು ಹೊದ್ದು ತಮಗೆ ಗೌರವ ತೋರಿಸಿದ್ದನ್ನು ತಾವು ತಗಡಿನ ಮೇಲಿನಿಂದ ಕಂಡಿರಲಾರಿರಿ.

ಆದರೆ ತಗಡನ್ನು ಚೆನ್ನಾಗಿ ಕಂಡಿರಿ. ಮೊನ್ನೆ ಬಂದ ಬಿಲ್ಲಿನಲ್ಲಿ ನಮ್ಮ ಅಂಗಳಕ್ಕೆ ಶಾಶ್ವತ ಮಾಳಿಗೆ ಇದೆ. ಬಾಡಿಗೆಯ ಹಂದರವನ್ನು ಒಂದು ನೋಟದಲ್ಲಿ ಶಾಶ್ವತ ಮಾಡುವ ಶಕ್ತಿ ತಮಗಿದ್ದರೆ, ಒಂದು ದಿನ ಮೊದಲೇ ಬಂದು ಅಕ್ಕನ ಕಡೆಗೂ ಹಾಗೇ ನೋಡಬಾರದಿತ್ತೆ?

ಆಕ್ಷೇಪಣೆಯ ಅರ್ಜಿ ತುಂಬಿಕೊಂಡು ಇಂದು ಕಚೇರಿಗೆ ಹೋಗಿದ್ದೆ. ಕಾರಕೂನ ಕೈಲಾಸ ಸಭ್ಯ ಮನುಷ್ಯ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ‘ಕಾಕಾ, ಇಷ್ಟ ದೊಡ್ಡ ತಗಡಾ ಕಾಣಾಕತ್ತದ, ಇಲ್ಲ ಅಂದ್ರ ಹ್ಯಾಂಗ್ರಿ?’ ಎಂದರು. ನಾನು ಹಂದರದ ಸಂಗತಿ ಹೇಳಿದೆ. ಅವರು, ‘ಅರ್ಜಿ ಕೊಟ್ಟು ಹೋಗ್ರಿ. ಮತ್ತ ಡ್ರೋನ್ ಕಳಿಸಿ ಹೊಸಾ ಫೋಟೋ ತಗೀತಾರ. ಹೊಸಾದು ಬಂತಂದ್ರ ಹಳೇದು ಅಳಿಸಿ ಹೋಗ್ತದ, ನಿಮ್ಮ ಕೆಲಸ ಆತು’ ಎಂದರು.

ಅರ್ಜಿ ಚಾಚಿದ ಕೈ ಅಲ್ಲೇ ನಿಂತಿತು. ಪರದೆಯಲ್ಲಿ ತಗಡಿನ ಪಕ್ಕ, ಮಾಳಿಗೆಯ ಕಟ್ಟೆಯ ಮೇಲೆ, ಉಗುರಿನಷ್ಟು ಅಗಲದ ಕೆಂಪು ಹಸಿರು ಚೌಕ ಕಂಡಿತು. ಅಕ್ಕ ಹೊದೆಯುತ್ತಿದ್ದ ಕೌದಿ. ತೀರಿಕೊಳ್ಳುವ ಹಿಂದಿನ ಸಂಜೆ ಒಗೆದು ಹರವಿ ಕೆಳಗಿಳಿದವಳು ಮತ್ತೆ ಮೇಲೆ ಹತ್ತಲಿಲ್ಲ. ಗದ್ದಲದಲ್ಲಿ ಯಾರೋ ಅದನ್ನು ತಂದು ಮಡಚಿಟ್ಟರು. ಕೌದಿ ಮನೆಯಲ್ಲಿದೆ, ಆದರೆ ಅಕ್ಕನ ಕೈ ಹರವಿದ ಹಾಗೆಯೇ ಅದು ಇರುವುದು ತಮ್ಮ ಚಿತ್ರದಲ್ಲಿ ಮಾತ್ರ.

ಒಂದು ಪ್ರತಿ ಕೇಳಿದೆ. ‘ಕೊಡಾಕ ಬರಂಗಿಲ್ರಿ ಕಾಕಾ, ಸರಕಾರಿ ದಾಖಲಾ. ಮೊಬೈಲ್‌ನ್ಯಾಗ ತಗಿಯೂದೂ ನಡಿಯಂಗಿಲ್ಲ, ಅಲ್ಲಿ ಬೋರ್ಡ್ ನೋಡ್ರಿ’ ಎಂದರು. ನನ್ನ ಮಾಳಿಗೆಯನ್ನು ನನ್ನ ಕಣ್ಣಿನಿಂದ ಇಷ್ಟು ಜೋಪಾನವಾಗಿ ಕಾಯುವವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ, ಅಭಿನಂದನೆಗಳು.

ಆದ್ದರಿಂದ ತಮ್ಮಲ್ಲಿ ವಿನಂತಿ. ಸಾಧ್ಯವಾದರೆ ಆ ದಿನದ ಹಾರಾಟವನ್ನು ಒಂದು ದಿನ ಹಿಂದಕ್ಕೆ, ಸಂಜೆ ಐದರ ಸುಮಾರಿಗೆ ಸರಿಸಬೇಕು. ಆಗ ಕೌದಿಯ ತುದಿ ಹಿಡಿದು ಕೊಡವುತ್ತಿದ್ದವಳೂ ಸಿಗುತ್ತಾಳೆ, ಆಕೆಯ ತಲೆಯ ಅಗಲಕ್ಕೂ ಬೇಕಾದರೆ ಶುಲ್ಕ ಹಾಕಬಹುದು. ಅದು ಆಗದಿದ್ದರೆ, ಇನ್ನು ಮುಂದೆ ನಮ್ಮ ಗಲ್ಲಿಯ ಮೇಲೆ ದಯವಿಟ್ಟು ಹಾರಬೇಡಿ. ಅರ್ಜಿಯನ್ನು ಮರಳಿ ತಂದಿದ್ದೇನೆ, ಕೊಡುವುದಿಲ್ಲ. ಇಲ್ಲದ ಮಾಳಿಗೆಗೆ ವರ್ಷ ವರ್ಷ ಕಟ್ಟುತ್ತೇನೆ.

ಆ ತಗಡಿನ ಕೆಳಗೆ ಕುಳಿತಿದ್ದ,
ತಮ್ಮ ವಿಶ್ವಾಸಿ,
ನಿಂಗಣ್ಣ, ಟಾವೆಲ್ ವ್ಯಾಪಾರಿ

ತಾ.ಕ.: ಅಷ್ಟೆತ್ತರದಿಂದ ಉಗುರಿನಷ್ಟು ಕೌದಿಯನ್ನು ಹಿಡಿದ ತಮಗೆ ಗಲ್ಲಿಯ ತುದಿಯಲ್ಲಿ ಹಿಂದಿನ ಮಳೆಗೆ ಮೊಣಕಾಲುದ್ದ ನಿಂತ ನೀರೂ ಕಂಡಿರಬೇಕು, ಅದನ್ನೂ ಮಾಳಿಗೆಯೆಂದೇ ಬರೆದುಕೊಂಡಿದ್ದರೆ ಬಿಲ್ಲು ಯಾರ ಹೆಸರಿಗೆ ಹೋಗಿದೆಯೆಂದು ತಿಳಿಸುವ ಕೃಪೆ ಮಾಡಬೇಕು. ಆಕ್ಷೇಪಣೆಯ ಅವಧಿ ನಾಳೆ ಸಂಜೆ ಐದಕ್ಕೆ ಮುಗಿಯುತ್ತದೆ. ನಾಳೆ ನಾನು ಇಡೀ ದಿನ ಅಂಗಡಿಯಲ್ಲಿರುತ್ತೇನೆ.